ಅಣ್ಣ ಅಗೆದ ಐದು ಪಟ್ಟಿ

ಮಾರ್ಚ್ 11, ಮಂಗಳವಾರ

...ಇಲ್ಲ ಅಣ್ಣಾ, ಕ್ಷಮಿಸು, ಮತ್ತೆ ಮೊದಲಿನಿಂದ ಹೇಳುತ್ತೇನೆ. ಇದು ಐದನೇ ಸಲ ರೆಕಾರ್ಡ್ ಒತ್ತುತ್ತಿರುವುದು. ಮೊದಲನೆಯದರಲ್ಲಿ ಕೆಮ್ಮು ಬಂತು, ಎರಡನೆಯದರಲ್ಲಿ ಕತ್ತೆ ಕೂಗಿತು. ಆಮೇಲಿನ ಎರಡರಲ್ಲಿ 'ಅಣ್ಣಾ' ಎಂದ ಮೇಲೆ ಮುಂದೇನೂ ಹೊರಡಲಿಲ್ಲ. ಯಾರಿಗೆ? ನನಗೆ! ಬಂದರಿನಲ್ಲಿ ಮಾತಿಗೆ ನಿಂತು ಕಣ್ಣೆದುರಿಗೇ ಫೆರ್ರಿ ತಪ್ಪಿಸಿಕೊಂಡವನಿಗೆ.

ಸರಿ, ಇದನ್ನು ಕಳಿಸುವುದಿಲ್ಲ. ಇದು ನನಗೇ ಇರಲಿ. ನನ್ನೊಳಗೇ ಒಂದು ಸಲ ಹೇಳಿಕೊಂಡು ನೋಡುತ್ತೇನೆ, ಆಮೇಲೆ ಕಳಿಸುವುದಕ್ಕೆ ಬೇರೆಯದು ಮಾಡುತ್ತೇನೆ.

ನಿನ್ನೆ ಮಿರ್ನಾ ಫೋನ್ ಮಾಡಿದ್ದಳು, ಅಣ್ಣನ ಮಗಳು. ರಾಜಧಾನಿ ಝಾಗ್ರೆಬ್‌ನಲ್ಲಿ ಕೂತು ನಮ್ಮ ದ್ವೀಪದ ಹಳೆಯ ಮಾತುಗಳನ್ನೆಲ್ಲ ಹೆಕ್ಕಿ ಒಂದು ನಿಘಂಟು ಮಾಡುತ್ತಿದ್ದಾಳೆ. ಅವಳ ಅಪ್ಪ, ನನ್ನ ಅಣ್ಣ ಪ್ರೋಶ್ಪೆರ್, ಮೂರು ವಾರದಿಂದ ಆಚೆ ದಡದ ಸ್ಪ್ಲಿಟ್‌ನ ಆಸ್ಪತ್ರೆಯಲ್ಲಿದ್ದಾನೆ, ಅವಳೂ ಈಗ ಅಲ್ಲೇ. ಶ್ವಾಸಕೋಶ ಕೆಟ್ಟಿದೆ. ನನಗೂ ಅವನಿಗೂ ಮಾತು ನಿಂತು ಹತ್ತೊಂಬತ್ತು ವರ್ಷ. ಈ ಹುಡುಗಿ ಮಾತ್ರ ವರ್ಷಕ್ಕೊಂದು ಸಲ, ಹೊಸ ವರ್ಷದ ದಿನ, ಅವಳಮ್ಮನಿಗೆ ಗೊತ್ತಾಗದ ಹಾಗೆ ನನಗೆ ಫೋನ್ ಮಾಡುತ್ತಾಳೆ. ಮಾರ್ಚಿನಲ್ಲಿ ಅವಳ ಹೆಸರು ಕಂಡಾಗಲೇ ಏನೋ ಕೆಟ್ಟದ್ದು ಎಂದುಕೊಂಡೆ.

"ಚಿಕ್ಕಪ್ಪ, ಅಪ್ಪ ನಂಗೆ ಮೋತಿಕಾ ವಿಷಯ ಹೇಳ್ತಾ ಇದ್ರು. ಅರ್ಧಕ್ಕೇ ನಿಂತೋಯ್ತು. ಉಳಿದಿದ್ದು ನೀನು ಹೇಳಿ ಕಳಿಸು."

"ಗುದ್ದಲಿ ಬಗ್ಗೆ ಹೇಳೋಕೆ ಏನಿದೆಯೇ? ಎತ್ತೋದು, ಹಾಕೋದು."

"ಅದನ್ನೇ ಹೇಳು. ನಾನು ಅಪ್ಪನ ಕಿವಿ ಹತ್ರ ಹಿಡೀತೀನಿ. ಮಾತು ಕಮ್ಮಿ ಆಗಿದೆ, ಆದ್ರೆ ಕೇಳಿಸ್ಕೋತಾರೆ."

"ನನ್ನ ದನಿ ಕೇಳಿದ್ರೆ ಆ ಆಕ್ಸಿಜನ್ ಮಾಸ್ಕ್ ಕಿತ್ತು ಎಸೀತಾನೆ."

"ಎಸೆದ್ರೆ ನಾನೇ ಮತ್ತೆ ಹಾಕ್ತೀನಿ," ಎಂದಳು. ಅವಳಪ್ಪನ ಹಾಗೆಯೇ, ತಮಾಷೆಯನ್ನೂ ನಗದೆ ಹೇಳುತ್ತಾಳೆ.

ಆಮೇಲೆ ಆ ಪದದ ಕಥೆ ಹೇಳಿದಳು. ನಮ್ಮ ಜನ ಈ ಸಮುದ್ರವನ್ನು ಕಾಣುವುದಕ್ಕೆ ಮೊದಲೇ ಮೋತಿಕಾ ಎನ್ನುವ ಮಾತು ಅವರ ಬಾಯಲ್ಲಿತ್ತಂತೆ. ರಷ್ಯಾದವರಲ್ಲೂ ಇದೆ, ಪೋಲೆಂಡಿನವರಲ್ಲೂ, ಬಲ್ಗೇರಿಯಾದವರಲ್ಲೂ. ಮೊದಲು ಒಟ್ಟಿಗಿದ್ದವರೆಲ್ಲ ಚೆದುರುವಾಗ ಹೆಗಲ ಮೇಲೆ ಹೊತ್ತುಕೊಂಡು ಹೋದರು. ಅದಕ್ಕೂ ಹಿಂದೆ? ರೋಮಿನವರಲ್ಲಿ ಮಾತೆಯೊಲಾ ಎಂಬ ಕೊಡತಿ ಇತ್ತಂತೆ, ದೂರದ ಸಂಸ್ಕೃತದಲ್ಲಿ ಮತ್ಯ ಎಂದು ಹೆಂಟೆ ಒಡೆಯುವ ಸಾಮಾನು. ಎಲ್ಲವೂ ಒಂದೇ ಬೇರಿನವು ಎಂದು ಕೆಲವರು, ಅಲ್ಲವೇ ಅಲ್ಲ ಎಂದು ಕೆಲವರು. ಪಂಡಿತರು ತಲೆಮಾರುಗಳಿಂದ ಇದಕ್ಕೆ ಕಚ್ಚಾಡುತ್ತಿದ್ದಾರಂತೆ. ನಮ್ಮದು ಹತ್ತೊಂಬತ್ತೇ ವರ್ಷ, ನಾವು ವಾಸಿ.

ಅವಳಿಗೆ ನಾನೂ ಒಂದು ಹೇಳಿದೆ. ನಮ್ಮ ಊಟದ ಮುಳ್ಳುಚಮಚದ ಹೆಸರು ವೆನಿಸ್‌ನವರದು, ದೋಣಿಯ ಅರ್ಧ ಹೆಸರುಗಳು ಅವರವು, ಸಾಲ ಕೊಡದ ಅಂಗಡಿಯವನಿಗೆ ಬಯ್ಯುವ ಬೈಗುಳವೂ ಅವರದೇ. ಮೋತಿಕಾ ಮಾತ್ರ ನಮ್ಮದು. ನಾಲ್ಕು ನೂರು ವರ್ಷ ಆಳಿದವರು ಅದೊಂದರ ಹೆಸರು ಬದಲಿಸಲಿಲ್ಲ. ಯಾಕೆ ಬದಲಿಸುತ್ತಾರೆ? ಅವರು ಯಾವತ್ತಾದರೂ ಕೈಯಲ್ಲಿ ಹಿಡಿದಿದ್ದರೆ ತಾನೆ.

ಮಿರ್ನಾ ನಕ್ಕಳು. "ಇದನ್ನೇ ರೆಕಾರ್ಡ್ ಮಾಡಿ ಕಳಿಸು, ಅಪ್ಪನಿಗೆ ಇಷ್ಟ ಆಗುತ್ತೆ."

ಕಳಿಸುತ್ತೇನೆ. ನಾಳೆ.


ಮಾರ್ಚ್ 12, ಬುಧವಾರ

ಶುರು ಮಾಡಿದಾಗಲೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಮೋತಿಕಾ ಎಂದರೆ ಗುದ್ದಲಿ, ಸರಿ. ಆದರೆ ನಮ್ಮಲ್ಲಿ ಅದು ನೆಲದ ಅಳತೆಯೂ ಹೌದು. ಒಬ್ಬ ಗಂಡಸು ಒಂದು ದಿನಕ್ಕೆ ಅಗೆಯುವಷ್ಟು ದ್ರಾಕ್ಷಿತೋಟಕ್ಕೆ ಒಂದು ಮೋತಿಕಾ. ಇಷ್ಟು ಹೇಳಿದ ಮೇಲೆ ಅಣ್ಣನಿಗೆ ಮುಂದೇನು ಹೇಳಲಿ? ಮುಂದಿನದೆಲ್ಲ ಅವನಿಗೆ ಗೊತ್ತು.

ಅಪ್ಪ ಸತ್ತಾಗ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ಗುಡ್ಡದ ತೋಟ ಎಂಟು ಮೋತಿಕಾ, ಇಬ್ಬರಿಗೂ ಸಮ. ಗುಡ್ಡಕ್ಕೆ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ತೋಟ ಅದು, ಒಂದರ ಮೇಲೊಂದು ಹದಿಮೂರು ಪಟ್ಟಿ. ಒಂದು ಅಗಲ, ಒಂದು ಸಪೂರ. ಸರ್ವೆಯವನನ್ನು ಕರೆಸೋಣ ಎಂದು ಯಾರೋ ಅಂದರು. ಇಬ್ಬರೂ ನಕ್ಕುಬಿಟ್ಟೆವು. ಮೋತಿಕಾ ಇರುವಾಗ ಸರ್ವೆ ಯಾಕೆ? ಹಳೆಯವರು ಮಾಡಿದ ಹಾಗೆ ಮಾಡೋಣ. ಒಬ್ಬ ಕೆಳಗಿನಿಂದ ಅಗೆಯುತ್ತ ಹತ್ತುವುದು, ಒಬ್ಬ ಮೇಲಿನಿಂದ ಅಗೆಯುತ್ತ ಇಳಿಯುವುದು, ಇಬ್ಬರ ಗುದ್ದಲಿ ಎಲ್ಲಿ ಎದುರಾಗುತ್ತದೋ ಅಲ್ಲಿ ಗೋಡೆ.

"ಮೇಲಿಂದು ನಾನು ತಗೋತೀನಿ," ಎಂದ ಪ್ರೋಶ್ಪೆರ್.

ನಾಲ್ಕು ದಿನ ಅಗೆದೆವು. ನನಗೆ ಮೂವತ್ತೊಂದು, ಅವನಿಗೆ ಮೂವತ್ತೊಂಬತ್ತು. ನಾಲ್ಕನೆಯ ದಿನ ಸಂಜೆ ಎದುರಾದಾಗ ನಾನು ಎಂಟು ಪಟ್ಟಿ ಮುಗಿಸಿದ್ದೆ. ಅವನದು ಐದು. ನೋಡಲು ಅರ್ಧ ಊರು ಬಂದಿತ್ತು. ಅವನು ಬೆವರು ಒರೆಸಿಕೊಂಡು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಾನು ಎಲ್ಲರಿಗೂ ಕೇಳುವ ಹಾಗೆ ಅಂದೆ: "ಮೋತಿಕಾ ಸುಳ್ಳು ಹೇಳಲ್ಲ ಅಣ್ಣಾ. ಮುದುಕ ಆದೆ ನೀನು." ಜನ ಗೊಳ್ಳೆಂದು ನಕ್ಕರು.

ಅವನು ಬಾಯಿ ಮುಚ್ಚಿಕೊಂಡ. ಆ ವಾರವೇ ಗೋಡೆ ಕಟ್ಟಿದ, ಒಬ್ಬನೇ. ಕೊಯ್ಲಿನ ಹೊತ್ತಿಗೆ ಅತ್ತಿಗೆ ಪೆರಿನಾ ಚರ್ಚಿನ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ, "ಅಣ್ಣನ ಬೆನ್ನು ಮುರಿದು ತೋಟ ಮಾಡ್ಕೊಂಡೆಯಲ್ಲೋ, ನಮ್ಮ ಹೊಸ್ತಿಲು ತುಳೀಬೇಡ," ಎಂದಳು. ನಾನು ತುಳಿಯಲಿಲ್ಲ.

ನಾನೇನು ತಪ್ಪು ಮಾಡಿದೆ? ಪದ್ಧತಿಯಂತೆ ಅಗೆದೆ. ಗೆದ್ದೆ. ಅವನೇ ಮೇಲಿನದನ್ನು ಆರಿಸಿಕೊಂಡದ್ದು.

ಯೆರ್ಕಾ ಸೊಪ್ಪು ಸೋಸುತ್ತಾ ಇದನ್ನೆಲ್ಲ ಕೇಳಿಸಿಕೊಂಡಳು. ನನ್ನ ಹೆಂಡತಿಗೆ ಗೋಡೆಯಾಚೆಯಿಂದಲೂ ಕೇಳಿಸುತ್ತದೆ.

"ಹತ್ತೊಂಬತ್ತು ವರ್ಷದಿಂದ ಈ ವಾದ ಗೆಲ್ತಾನೇ ಇದೀಯ," ಎಂದಳು. "ಎದುರುಗಡೆ ಯಾರಿದ್ರು ಹೇಳು?"


ಮಾರ್ಚ್ 14, ಶುಕ್ರವಾರ

ಒಂದು ಉಪಾಯ ಹೊಳೆದಿದೆ. ಮಾರ್ಚ್ ಅರ್ಧ ಆಯಿತು, ಅಣ್ಣನ ಐದು ಪಟ್ಟಿ ಅಗೆಯದೆ ಬಿದ್ದಿದೆ. ಬಳ್ಳಿಗಳ ಬುಡದಲ್ಲಿ ಮೊಣಕಾಲುದ್ದ ಹುಲ್ಲು. ಪೆರಿನಾ ಆಸ್ಪತ್ರೆಯಲ್ಲಿ, ಮಿರ್ನಾ ಆಸ್ಪತ್ರೆಯಲ್ಲಿ, ಯಾರು ಅಗೆಯಬೇಕು? ನಾನು ಅಗೆದುಬಿಡುತ್ತೇನೆ. ಐದೂ ಮುಗಿಸಿ ಗುರುವಾರದ ಫೆರ್ರಿಯಲ್ಲಿ ನಾನೇ ಹೋಗುತ್ತೇನೆ. ರೆಕಾರ್ಡು ಗಿಕಾರ್ಡು ಯಾಕೆ? ಮಂಚದ ಪಕ್ಕ ಕೂತು, ನಿನ್ನ ತೋಟ ಅಗೆದಾಯ್ತು ಅಣ್ಣಾ ಎಂದು ಶುರು ಮಾಡಿದರೆ ಮಿಕ್ಕದ್ದು ತಾನಾಗಿ ಬರುತ್ತದೆ. ಖಾಲಿ ಕೈಯಲ್ಲಿ ಹೋಗಿ ಏನು ಹೇಳಲಿ?

ಯೆರ್ಕಾ, "ತೋಟ ಎಲ್ಲೂ ಓಡಿಹೋಗಲ್ಲ. ನಾಳೇನೇ ಹೋಗು," ಎಂದಳು. ಹೆಂಗಸರಿಗೆ ಇದು ಅರ್ಥವಾಗುವುದಿಲ್ಲ.

ಬೆಳಗ್ಗೆ ಗೋಡೆ ದಾಟಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಅವನ ಗೋಡೆಯ ಒಂದು ಕಲ್ಲೂ ಅಲುಗಲಿಲ್ಲ, ಅಷ್ಟು ಚೆನ್ನಾಗಿ ಕೂರಿಸಿದ್ದಾನೆ.

ಮೊದಲ ಏಟಿಗೇ ಠಣ್ ಎಂದಿತು. ಎರಡನೆಯದಕ್ಕೂ. ಒಂದು ಗೇಣು ಮಣ್ಣು ಸಿಕ್ಕರೆ ಅದರ ಕೆಳಗೆ ಎರಡು ಗೇಣು ಕಲ್ಲು. ಮಧ್ಯಾಹ್ನದ ಹೊತ್ತಿಗೆ ಗುದ್ದಲಿಯ ಬೆಣೆ ಸಡಿಲವಾಗಿ ಅಲಗು ಕಳಚಿ ಹಾರಿತು. ವಿಟ್ಸ್ಕೊ ಅಜ್ಜ ಪಕ್ಕದ ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದ. ಎಂಬತ್ತನಾಲ್ಕು ವರ್ಷ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

"ಏನೋ ಕುಜ್ಮಾ, ದಾರಿ ತಪ್ಪಿದ್ಯಾ?"

"ಅಣ್ಣಂಗೆ ಹುಷಾರಿಲ್ವಲ್ಲ ಅಜ್ಜ."

"ಮ್." ನನ್ನ ಗುದ್ದಲಿ ನೋಡಿದ. "ಕೆಳಗಿನ ಗುದ್ದಲಿ ಮೇಲೆ ತಂದಿದೀಯ. ಹಗುರ ಆಯ್ತು ಇದು."

ಸಂಜೆವರೆಗೆ ಅಗೆದೆ. ಅರ್ಧ ಪಟ್ಟಿಯೂ ಆಗಲಿಲ್ಲ. ನನಗೆ ಐವತ್ತು, ಹೌದು. ಅಭ್ಯಾಸ ತಪ್ಪಿದೆ, ಅದೂ ಹೌದು.


ಮಾರ್ಚ್ 15, ಶನಿವಾರ

ಜೂಗೊ ಗಾಳಿ. ದಕ್ಷಿಣದಿಂದ ತೇವ ಹೊತ್ತು ಬಂದು ಮೂಳೆಯೊಳಗೆ ಕೂರುತ್ತದೆ. ಸಮುದ್ರ ಕೊತಕೊತ ಕುದಿಯುತ್ತಿದೆ, ಫೆರ್ರಿ ಇಲ್ಲ. ನಾನು ಯೆರ್ಕಾಗೆ, "ಅಯ್ಯೋ, ಇವತ್ತು ಹೋಗೋಣ ಅಂತಿದ್ದೆ," ಎಂದೆ. ನಿಜಕ್ಕೂ ಅಂತಿದ್ದೆನೋ ಏನೋ.

ಉಪ್ಪು ಮೀನು, ಬ್ರೆಡ್ಡು, ನೀರು ಬೆರೆಸಿದ ವೈನು. ಮನಸ್ಸು ಹಗುರವಾಗಿ ಚೆನ್ನಾಗಿ ನಿದ್ದೆ ಬಂತು.


ಮಾರ್ಚ್ 17, ಸೋಮವಾರ

ಕೈ ಬೊಬ್ಬೆ ಎದ್ದಿದೆ, ಫೋನು ಮೊಣಕಾಲ ಮೇಲಿಟ್ಟುಕೊಂಡು ಮಾತಾಡುತ್ತಿದ್ದೇನೆ. ನಿನ್ನೆ ಭಾನುವಾರ ಎಂದೂ ನೋಡದೆ ಅಗೆದೆ. ಇವತ್ತು ಅಜ್ಜನ ಹತ್ತಿರ ಭಾರದ ಗುದ್ದಲಿ ಕೇಳಿ ತಂದು ಅಗೆದೆ. ಮೂರು ಪೂರಾ ದಿನಕ್ಕೆ ಒಂದೂವರೆ ಪಟ್ಟಿ.

ಲೆಕ್ಕ ಹಾಕುವುದು ಬೇಡ ಎಂದುಕೊಂಡರೂ ತಲೆ ಹಾಕುತ್ತಲೇ ಇದೆ. ಕೆಳಗೆ ನಾನು ದಿನಕ್ಕೆ ಎರಡು ಪಟ್ಟಿ ಅಗೆದೆ. ಅದು ಮಳೆನೀರು ಇಳಿಸಿದ ಕೆಂಪು ಮಣ್ಣು, ಬೆಣ್ಣೆಯ ಹಾಗೆ ಗುದ್ದಲಿಯನ್ನು ಒಳಗೆ ಕರೆದುಕೊಳ್ಳುತ್ತದೆ. ಇಲ್ಲಿ ಪ್ರೋಶ್ಪೆರ್ ನಾಲ್ಕು ದಿನಕ್ಕೆ ಐದು ಅಗೆದ. ಈ ನೆಲದಲ್ಲಿ ಐದು! ಮೂವತ್ತೊಂದರಲ್ಲಿ ನಾನಾಗಿದ್ದರೆ ಮೂರೂ ಆಗುತ್ತಿರಲಿಲ್ಲ. ನೋಡಲು ಬಂದ ಅರ್ಧ ಊರಿಗೆ ಆ ಸಂಜೆ ಗೆದ್ದವನು ಯಾರು ಎಂದು ಗೊತ್ತಿತ್ತು. ಅವರು ನಕ್ಕದ್ದು ನನ್ನನ್ನು ನೋಡಿ.

ಅಪ್ಪ ಇದ್ದಾಗ ನನಗೆ ಯಾವತ್ತೂ ಕೆಳಗಿನ ಪಟ್ಟಿಗಳನ್ನೇ ಕೊಡುತ್ತಿದ್ದ. ಅಜ್ಜನನ್ನು ಕೇಳಿದೆ. "ಮೇಲ್ಗಡೆ ಇಷ್ಟು ಕಲ್ಲಿದೆ ಅಂತ ಅಣ್ಣಂಗೆ ಗೊತ್ತಿತ್ತಾ?"

"ನಿಮ್ಮಪ್ಪನ ಜೊತೆ ಹನ್ನೆರಡು ವರ್ಷದೋನಿದ್ದಾಗಿಂದ ಅಗೆದಿದಾನೆ. ಗೊತ್ತಿಲ್ದೆ?"

"ಮತ್ತೆ ಯಾಕೆ ಇದನ್ನೇ ತಗೊಂಡ?"

ಅಜ್ಜ ಹಗ್ಗದ ಗಂಟು ಬಿಗಿದು ಮುಗಿಸಿದ. "ಚಿಕ್ಕೋನು ನೀನು. ಗಟ್ಟಿ ನೆಲ ದೊಡ್ಡೋನೇ ತಗೋಬೇಕಲ್ವಾ."

ಅಷ್ಟೇ. ಅದರಲ್ಲಿ ಕೇಳುವುದಕ್ಕೆ ಏನಿದೆ ಎನ್ನುವ ಹಾಗೆ ಮುಂದಿನ ಬಳ್ಳಿಗೆ ಹೋದ.

ಸಂಜೆ ಮಿರ್ನಾ ಫೋನ್ ಮಾಡಿದಳು.

"ಚಿಕ್ಕಪ್ಪ, ಇನ್ನೂ ಕಳಿಸ್ಲಿಲ್ಲ."

"ಗುರುವಾರ ನಾನೇ ಬರ್ತಿದೀನಿ ಕಣೇ. ತೋಟ ಮುಗಿಸಿ ಬರ್ತೀನಿ."

"ಯಾವ ತೋಟ?"

"ಬಂದು ಹೇಳ್ತೀನಿ."

ಅವಳ ಹಿಂದೆ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. "ಏನಾದ್ರೂ ಕಳಿಸು ಚಿಕ್ಕಪ್ಪ. ಮೋತಿಕಾದೇ ಆಗ್ಬೇಕು ಅಂತಿಲ್ಲ. ಕೆಮ್ಮಿ ಕಳಿಸಿದ್ರೂ ಸಾಕು."


ಮಾರ್ಚ್ 18, ಮಂಗಳವಾರ

ಎರಡನೆಯ ಪಟ್ಟಿ ಮುಗಿಯಿತು. ಐದೂ ಮುಗಿಯುವುದಿಲ್ಲ, ಹೋಗಲಿ. ಎರಡು ಅಗೆದೆ ಅಂತಲೇ ಹೇಳುತ್ತೇನೆ.

ಮಧ್ಯಾಹ್ನ ಅಲ್ಲೇ ಅವನ ಗೋಡೆಯ ಮೇಲೆ ಕೂತು ಕೊನೆಗೂ ರೆಕಾರ್ಡ್ ಮಾಡಿದೆ. ಇಷ್ಟು: "ಅಣ್ಣಾ, ಕುಜ್ಮಾ. ಮೇಲಿನ ನೆಲ ಅಗೀತಿದೀನಿ. ನಂಗೆ ಗೊತ್ತಿರ್ಲಿಲ್ಲ. ಗೋಡೆ ಕೆಳಕ್ಕೆ ಸರಿಸೋಣ, ನೀನು ಎಲ್ಲಿ ಹೇಳ್ತೀಯೋ ಅಲ್ಲಿಗೆ."

ಒಂದೇ ಏಟಿಗೆ ಬಂತು. ಕೇಳಿ ನೋಡಿದೆ. ತೀರಾ ಚಿಕ್ಕದಾಯಿತು. ಹತ್ತೊಂಬತ್ತು ವರ್ಷ ಆದಮೇಲೆ ಇಷ್ಟೇನಾ ಅನ್ನಿಸುವುದಿಲ್ಲವೇ ಅವನಿಗೆ? ನಾನಿನ್ನೂ ಸಿಟ್ಟಿನಲ್ಲೇ ಇದ್ದೇನೆ ಎಂದುಕೊಂಡರೆ? ನಾಳೆ ಒಂದು ದಿನ, ನಾಡಿದ್ದು ಮಧ್ಯಾಹ್ನ ಹೇಗೂ ಅವನ ಎದುರಿಗೇ ಇರುತ್ತೇನೆ. ಎದುರಿಗೆ ಹೇಳುವುದೇ ಸರಿ ಎಂದು ಕಳಿಸಲಿಲ್ಲ.

ಯೆರ್ಕಾ ನನ್ನ ಒಳ್ಳೆಯ ಕೋಟು ಬಿಸಿಲಿಗೆ ಹಾಕಿದ್ದಾಳೆ.


ಮಾರ್ಚ್ 19, ಬುಧವಾರ

ಬೆಳಗ್ಗೆ ಏಳಕ್ಕೆ ಮಿರ್ನಾ ಫೋನ್ ಮಾಡಿದಳು.

ಗುದ್ದಲಿ ಹೆಗಲ ಮೇಲಿತ್ತು. ಅದನ್ನು ಎಲ್ಲಿ ಇಳಿಸಿದೆನೋ ನೆನಪಿಲ್ಲ.


ಮಾರ್ಚ್ 21, ಶುಕ್ರವಾರ

ಚರ್ಚಿನ ಹಿಂದಿನ ಸೈಪ್ರೆಸ್ ಮರಗಳ ಹತ್ತಿರ ನಿಂತಿದ್ದೇನೆ. ಒಳಗೆ ಹಾಡುತ್ತಿದ್ದಾರೆ. ನಿನ್ನೆ ಯಾವ ಫೆರ್ರಿಯಲ್ಲಿ ನಾನು ಹೋಗಬೇಕಿತ್ತೋ ಅದೇ ಫೆರ್ರಿ ಅವನನ್ನು ಪೆಟ್ಟಿಗೆಯಲ್ಲಿ ತಂದಿತು. ಬಂದರಿನಲ್ಲಿ ನಿಂತಿದ್ದೆ, ಹಿಂದೆ, ಬಲೆಗಳ ರಾಶಿಯ ಹತ್ತಿರ. ಪೆರಿನಾ ಇಳಿದಳು. ನನ್ನನ್ನು ನೋಡಿದಳೋ ಇಲ್ಲವೋ ತಿಳಿಯದು. ಒಳ್ಳೆಯ ಕೋಟು ಹಾಕಿಕೊಂಡಿದ್ದೆ.

ನಿಧಾನ. ನಿಧಾನವಾಗಿ ಹೇಳುತ್ತೇನೆ.

ಮಿರ್ನಾ ಬೆಳಗ್ಗೆ ಮನೆಗೆ ಬಂದಿದ್ದಳು. ಯೆರ್ಕಾ ಕಾಫಿ ಕೊಟ್ಟಳು, ಕುಡಿಯಲಿಲ್ಲ. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ಮಂಗಳವಾರ ಸಾಯಂಕಾಲ ಅಪ್ಪ ಕೇಳಿದ್ರು, ಕುಜ್ಮಾ ಕಳಿಸಿದ್ನಾ ಅಂತ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಚಿಕ್ಕಪ್ಪ. ಹೂಂ ಅಂದೆ."

"ಆಮೇಲೆ?"

"ಹೋದ ವರ್ಷ ವಿಟ್ಸ್ಕೊ ಅಜ್ಜನ ಹತ್ರ ಗುದ್ದಲಿ ಬಗ್ಗೆ ಒಂದು ನಿಮಿಷ ರೆಕಾರ್ಡ್ ಮಾಡ್ಕೊಂಡಿದ್ದೆ. ಅದನ್ನೇ ಹಾಕ್ದೆ. ಮಾಸ್ಕು, ಯಂತ್ರದ ಸದ್ದು, ಯಾರ ದನಿ ಅಂತ ಎಲ್ಲಿ ಗೊತ್ತಾಗುತ್ತೆ ಅಂದ್ಕೊಂಡೆ. ಕಣ್ಮುಚ್ಚಿ ಪೂರ್ತಿ ಕೇಳಿದ್ರು."

ಯೆರ್ಕಾ ಒಲೆಯ ಕಡೆ ತಿರುಗಿಕೊಂಡಳು.

"ಮುಗಿದ ಮೇಲೆ ನಕ್ಕರು. 'ಇವನು ಕುಜ್ಮಾ ಅಲ್ಲ. ನಮ್ಮ ಕುಜ್ಮಾ ಇಷ್ಟು ಬೇಗ ಮುಗಿಸಲ್ಲ,' ಅಂದ್ರು." ಅವಳೂ ನಗಲು ಹೋದಳು, ಆಗಲಿಲ್ಲ. "ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು, 'ಕಾಯ್ತೀನಿ,' ಅಂದ್ರು."

ನಮ್ಮ ಕುಜ್ಮಾ ಅಂದನಂತೆ. ನಮ್ಮ.

ಮೂರು ಸಲ ಕೇಳಿದೆ ಅವಳನ್ನು, ಹಾಗೇ ಅಂದನಾ, ನಮ್ಮ ಅಂತಲೇ ಅಂದನಾ ಎಂದು. ಪ್ರತಿ ಸಲವೂ ಹೌದು ಎಂದಳು ಪಾಪ. ಮಂಗಳವಾರ ಸಂಜೆ ಅವನು ಕಾಯ್ತೀನಿ ಎಂದಾಗ ನಾನು ಇಲ್ಲಿ ಕಾಲು ಬಿಸಿನೀರಲ್ಲಿ ಇಳಿಬಿಟ್ಟುಕೊಂಡು ಕೂತಿದ್ದೆ. ಅವನ ತೋಟ ಅಗೆದು ದಣಿದಿದ್ದೆನಲ್ಲ.

ಹೋಗುವಾಗ, "ನಿನ್ನ ಫೋನಲ್ಲಿ ಏನಾದ್ರೂ ಇದೆಯಾ ಚಿಕ್ಕಪ್ಪ? ನಿಘಂಟಿಗೆ?" ಎಂದಳು.

ಇಲ್ಲ ಎಂದೆ. ಆ ಪುಸ್ತಕದಲ್ಲಿ ಏನೆಂದು ಬರೆದುಕೊಳ್ಳುತ್ತಾಳೆ? ಪದ ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತು. ಯಾರು ಯಾರಿಂದ ತಂದರು, ಯಾವ ದಾರಿಯಲ್ಲಿ, ಎಲ್ಲ ಗೊತ್ತು. ನನಗೆ ಗೊತ್ತಿರುವುದು ಇಷ್ಟೇ: ನಾನು ಒಂದು ಬೆಳಗ್ಗೆ ಗುಡ್ಡದ ಕೆಳಗೆ ನಿಂತಿದ್ದೆ, ಅವನು ನನ್ನ ಗುದ್ದಲಿಯ ಕಾವು ಹಿಡಿದು ಅಲುಗಿಸಿ, ಬಿಗಿ ಇದೆ ಎಂದು ನೋಡಿ, ತನ್ನದನ್ನು ಹೆಗಲಿಗೆ ಹಾಕಿಕೊಂಡು ಕಲ್ಲಿನ ಕಡೆ ಹತ್ತಿಹೋದ. ಬೆನ್ನು ನೋಡುತ್ತಾ ನಿಂತೆ. ಯಾಕೆ ಅಣ್ಣಾ ಎಂದು ಕೇಳಲಿಲ್ಲ. ಇಷ್ಟು ಮಾತಾಡುವವನು, ಅದೊಂದು ಕೇಳಲಿಲ್ಲ.

ಹಾಡು ನಿಂತಿತು. ಹೊರಗೆ ಬರುತ್ತಿದ್ದಾರೆ. ಸ್ಮಶಾನದ ದಾರಿ ಕಡಿದು, ಮಂಡಿ ನೋವಿನ ಮುದುಕರೇ ಹೆಚ್ಚು ಇಲ್ಲಿ, ಪೆಟ್ಟಿಗೆ ಹೊತ್ತವರಲ್ಲಿ ಯಾರೋ ಒಬ್ಬರು ಹಿಂದೆ ಸರಿದರು. ಇಳಿಸಿದ್ದಾರೆ. ಪೆರಿನಾ ಸುತ್ತ ನೋಡುತ್ತಿದ್ದಾಳೆ. ನಾನು ಮರದ ಹಿಂದೆ ಸರಿಯಬೇಕು. ಇಲ್ಲ, ನೋಡಿಬಿಟ್ಟಳು. ಈ ಕಡೆಯೇ ಬರುತ್ತಿದ್ದಾಳೆ. ಅಣ್ಣಾ, ಹೇಳಬೇಕಾದದ್ದು ಇನ್ನೂ...

"ಕುಜ್ಮಾ! ಯಾರ ಹತ್ರ ಮಾತಾಡ್ತಾ ನಿಂತಿದೀಯೋ ಇನ್ನೂ? ಹೊರೋಕೆ ಒಂದು ಹೆಗಲು ಕಮ್ಮಿ ಇದೆ. ಬಾ."

"ಬಂದೆ ಅತ್ತಿಗೆ."

ಫೋನು ಇಡುತ್ತೇನೆ.